ಹೊಟಗಿ ಫಾಟಕದ ಆಚೆ

ವಾರವಿಡೀ ನಾ ತೆಗೆಯೂದು ಮುಖ.
ಬಿಳಿ ಪರದೆ, ಎರಡು ದೀಪ, ಒಂದು ಸ್ಟೂಲು.
ಗದ್ದ ಸ್ವಲ್ಪ ಕೆಳಗ, ಕಿವಿ ಕಾಣಲಿ, ನಗಬ್ಯಾಡ್ರಿ.
ಎಂಟು ಪ್ರತಿಗೆ ಅರವತ್ತು ರೂಪಾಯಿ.
ಶನಿವಾರ ಮಧ್ಯಾಹ್ನ ಶಟರ್ ಎಳೆದು
ಅದೇ ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು
ಸೊಲ್ಲಾಪುರ ಬಿಟ್ಟು ಹೊಟಗಿ ಹಾದಿ ಹಿಡೀತೀನಿ.
ಹಿಂದಿನ ಸೀಟಿನಾಗ ಅಂಬಾದಾಸ ಗುಂಡ್ಲ,
ಟವೆಲ್ ಕಾರ್ಖಾನ್ಯಾಗ ಲೆಕ್ಕ ಬರಿಯಾಂವ;
ಮನ್ಯಾಗ ತೆಲುಗು, ಮಗ್ಗದ ಮುಂದ ಮರಾಠಿ,
ನನ್ನ ಕೂಡ ಕನ್ನಡ,
ಇಂಜಿನ್ ಕೂಡ ಬರೇ ಅಂಕಿ.

ಗೂಡ್ಸ್ ಗಾಡಿಗೆ ವೇಳಾಪಟ್ಟಿ ಇಲ್ಲ. ಬಂದಾಗ ಬಂತು.
ಎಕ್ಸ್‌ಪ್ರೆಸ್ ಬಂದರ ಬದೀಗೆ ಸರಿದು
ಲೂಪ್ ಲೈನಿನಾಗ ತಲಿ ತಗ್ಗಿಸಿ ನಿಂದರತದ,
ಪಂಕ್ತಿಯೆಲ್ಲ ಎದ್ದ ಮ್ಯಾಲೆ ಉಣ್ಣೋ ಸೊಸಿಹಂಗ.

ಫಾಟಕದ ಆಚೆ ಜ್ವಾಳದ ಹೊಲ,
ಬದುವಿನುದ್ದಕ್ಕೂ ಕುಸುಬಿ ಹೂವು, ದೂರದ ಸಿಗ್ನಲ್ಲೂ ಹಳದಿ.
ಮೊದಲನೇದು ಮೂರೂ ಕಾಲಿಗೆ:
ಹಸಿರು ಮೈ, ಮೂಗಿನ ಮ್ಯಾಲೆ ಧೂಳು,
ಬೆನ್ನ ಹಿಂದ ಐವತ್ತೆಂಟು ಡಬ್ಬಿ ಕಲ್ಲಿದ್ದಲು.
ಕಾಲಾಗಿನ ನೆಲ ಮೊದಲು ಹೇಳತದ, ಆಮ್ಯಾಲೆ ಕಿವಿ.
ಅಂಬಾದಾಸ ನಂಬರ್ ನೋಡತಾನ,
ನಾ ನೋಡೂದು ಅದರ ಕೆಳಗಿನ ಶೆಡ್ಡಿನ ಹೆಸರು:
ಅಜನಿ. ಲಾಲಾಗುಡಾ. ಭುಸಾವಳ. ಗುತ್ತಿ.
ಯಾರ ಭಾರ ಎಳೆದರೂ
ತವರಿನ ಹೆಸರು ಹೊತ್ತs ತಿರಗತಾವು.
ಜಡ್ಡಾದಾಗ ಮಾತ್ರ ತವರಿಗೆ ಹೋಗತಾವು.

ಹೊಲದೊಡತಿ ಚಂದ್ರಭಾಗವ್ವ
ಬಿಸಿ ಸೀತನಿ ಅಂಗೈಯಾಗ ತಿಕ್ಕಿ, ಊದಿ, ಕೊಟ್ಟಳು.
“ಅದರಾಗ ಯಾರು ಬರತಾರ?”
“ಯಾರೂ ಇಲ್ಲಬೇ, ಸಿಮೆಂಟು.”
“ಮತ್ತ ನೀವು ಯಾರ ದಾರಿ ಕಾಯತೀರಿ?”
ಅಂಬಾದಾಸ ತನ್ನ ವಹಿ ತೆರೆದು ತೋರಿಸಿದ.
ಹನ್ನೆರಡು ವರ್ಷದ ಅಂಕಿ, ಸಾಲಿಗೆ ಸಾಲು,
ಇಪ್ಪತ್ತೇಳು ಸಾವಿರದ ಒಂದು ಸಾಲಿನಾಗ
ಒಂದೇ ಮನಿ ಖಾಲಿ.
“ಹಲ್ಲು ಬಿದ್ದಂಗ ಕಾಣತದಲ್ಲೋ ತಮ್ಮಾ,” ಅಂದಳು.
ಮುದುಕ ಇಂಜಿನ್ ಅದು. ಇವತ್ತಿಲ್ಲ ನಾಳೆ ಗುಜರಿ.

ರವಿವಾರ ನಡು ಮಧ್ಯಾಹ್ನ ವಾಡಿಯಿಂದ ಫೋನು:
ಹೊಂಟದ, ನಿಮ್ಮದs, ನಾ ಕಣ್ಣಾರೆ ನೋಡೀನಿ.
ಆಮ್ಯಾಲೆ ಬರೇ ಕಾಯೂದು.
ನಾ ಲೆನ್ಸ್ ಒರಸಿದೆ. ಮತ್ತ ಒರಸಿದೆ.
ಅಂಬಾದಾಸ ಪೆನ್ನಿನ ಟೋಪಿ ತೆಗೆದ, ಹಾಕಿದ, ತೆಗೆದ.
ಹೊತ್ತು ಇಳಿದು ಹೊಲದ ಮ್ಯಾಲೆ ಬೆಲ್ಲದ ಬಣ್ಣ ಬಿತ್ತು,
ಇಂಥಾ ಬೆಳಕು ನನ್ನ ಸ್ಟುಡಿಯೋದಾಗ ಎಷ್ಟು ದೀಪ ಹಚ್ಚಿದರೂ ಬರೂದಿಲ್ಲ.

ಬಂತು. ಆಚಿ ಲೈನಿನ ತಿರುವಿನಾಗ, ದೀಪ ಹಚ್ಚಿಕೊಂಡು.
ಅದೇ ಹೊತ್ತಿಗೆ ಈಚಿ ಲೈನಿನಾಗ
ಖಾಲಿ ಟ್ಯಾಂಕರಿನ ಗಾಡಿ, ಎದುರಿನಿಂದ,
ನಮ್ಮ ಕಣ್ಣಿನ ಮುಂದ ಗೋಡಿ ಕಟಗೋತ ಹೋತು.
ಟ್ಯಾಂಕರಿಗೂ ಟ್ಯಾಂಕರಿಗೂ ನಡುವ ಗೇಣು ಬೆಳಕು;
ನಾ ಬಟನ್ ಒತ್ತಿದ್ದು ಬಿಡಲಿಲ್ಲ.
ಒಂದು ಚಿತ್ರದಾಗ ಎರಡು, ಏಳು.
ಒಂದರಾಗ ಕಿಟಕಿ, ಯಾರದೋ ಮೊಳಕೈ.
ಒಂದರಾಗ ನಾಲ್ಕು ಇರಬಹುದು, ಒಂದೂ ಇರಬಹುದು.
ಉಳಿದದ್ದೆಲ್ಲ ಟ್ಯಾಂಕರ್.

ಗೋಡಿ ಮುಗಿದಾಗ ಆಚೆ ಗಾರ್ಡಿನ ಡಬ್ಬಿ ಮಾತ್ರ ಉಳಿದಿತ್ತು.
ಆತ ಕೈ ಎತ್ತಿದ. ಅಂಬಾದಾಸನೂ ಎತ್ತಿದ.
“ಬರಕೊ,” ಅಂದೆ, “ಅದs ಅಲ್ಲಾ?”
“ನೋಡಿದ್ದಷ್ಟs ಬರೀಬೇಕು,” ಅಂದ.
ಎರಡು, ಏಳು, ಆಮ್ಯಾಲೆ ಮೂರು ಚುಕ್ಕಿ.

ಹಳಿಯ ಆಚೆ ದಂಡಿಗೆ ಚಂದ್ರಭಾಗವ್ವ,
ಎಮ್ಮಿ ಹೊಡಕೊಂಡು ಹೋದಾಕಿ, ಅಲ್ಲೇ ನಿಂತಾಳ!
ಫಾಟಕ ತೆರೆದದ್ದೇ ಓಡಿದಿವಿ.
“ನೋಡಿದೆನಲ್ಲ,” ಅಂದಳು, “ಪೂರಾ ನೋಡಿದೆ.
ಹಣಿಗೆ ಕುಂಕುಮ, ಒಣಗಿದ ಚೆಂಡುಹೂವಿನ ಮಾಲಿ,
ದಸರಾದ್ದು ಇರಬೇಕು, ಯಾರೂ ತೆಗೆದಿಲ್ಲ.
ಡ್ರೈವರಗ ಬಿಳಿ ಮೀಸಿ. ನನ್ನ ಎಮ್ಮಿಗೆ ಸೀಟಿ ಹೊಡದ.
ನಂಬರ? ಅದೆಲ್ಲ ನಂಗ ಎಲ್ಲಿ ಬರತದ?”

ಗಾಡಿಯ ದೀಪದ ಮುಂದ ಕುಕ್ಕರಗಾಲಿನಾಗ ಕೂತು
ಅಂಬಾದಾಸ ಚುಕ್ಕಿಗಳ ಮುಂದ ಏನೋ ಬರದ, ತೆಲುಗಿನಾಗ.
ಅದು ನಂಗ ಓದಲಿಕ್ಕ ಬರೂದಿಲ್ಲ.
ಓದಿ ಹೇಳಿದ:
ಚೆಂಡುಹೂ, ಒಣಗಿದ್ದು. ನೋಡಿದಾಕಿ ಚಂದ್ರಭಾಗಾ.