ಒಂಬತ್ತನೇ ಕೋಲು

ಚೀಟಿಯಲ್ಲಿ ಒಂಬತ್ತು ಕೋಲು ಎಂದಿದೆ.
ಚೀಲದಲ್ಲಿ ಎಂಟು.
ಬಾಗಲಗುಂಟೆಯ ನಮ್ಮ ತಾರಸಿಯಲ್ಲಿ
ನೀರಿನ ಟ್ಯಾಂಕಿಗೂ ಬಟ್ಟೆ ತಂತಿಗೂ ನಡುವೆ
ನೆಲ ಒರೆಸುವ ಕೋಲನ್ನೇ ಬಿಗಿದು
ಎಬ್ಬಿಸಿದೆವು ಟೆಂಟು.
ಗೂಟ ಹೊಡೆಯಲು ಮಣ್ಣೆಲ್ಲಿ?
ಮೂಲೆಗೊಂದು ಇಟ್ಟಿಗೆ.
ಓನರಿಗೆ ಹೇಳಿಲ್ಲ.

ಎಂಟೂವರೆಗೆ ಚಿತ್ರಾನ್ನ ಹೊದಿಕೆಯ ಮೇಲೆ ಚೆಲ್ಲಿತು.
ಒಂಬತ್ತಕ್ಕೆ ಲಿಖಿತಾಗೆ ಸುಸ್ಸು. ಮೂರು ಮಹಡಿ ಇಳಿದೆವು.
ಹತ್ತಿ ಬಂದ ಮೇಲೆ ತನುಷನಿಗೆ. ಮತ್ತೆ ಇಳಿದೆವು.
'ಅಮ್ಮಾ, ಇಲ್ಲಿಗೆ ಹುಲಿ ಬರುತ್ತಾ?'
'ಇಲ್ಲಪ್ಪ.'
'ಮತ್ಯಾಕೆ ಬಂದ್ವಿ?'
ಉತ್ತರ ಇರಲಿಲ್ಲ. ಸೊಳ್ಳೆಬತ್ತಿ ಇತ್ತು,
ಹಚ್ಚಿದೆ.

ಟ್ಯಾಂಕು ತುಂಬಿ ಗಳಗಳ ಸುರಿದಾಗ
ಇಬ್ಬರೂ ನನ್ನ ಕುತ್ತಿಗೆಗೇ ಜೋತುಬಿದ್ದರು.
ಕೆಳಗೆ ಫ್ಯಾನಿದೆ, ಮಂಚವಿದೆ,
ಗಂಡನೆಂಬವನು ಕಾಲು ಚಾಚಿ ಮಲಗಿದ್ದಾನೆ;
ಯಾರಿಗೆ ಬೇಕಿತ್ತು ಈ ವನವಾಸ
ಎಂದು ಗೊಣಗುತ್ತಲೇ ಜಿಪ್ಪು ತೆಗೆದೆ.

ಆಕಾಶದಲ್ಲಿ ನಾಲ್ಕೇ ನಕ್ಷತ್ರ,
ಅದರಲ್ಲೊಂದು ವಿಮಾನ.
ಮಿಣುಕುತ್ತಾ ದೇವನಹಳ್ಳಿ ಕಡೆಗೆ ಜಾರಿತು.
'ಅದಕ್ಕೂ ಸುಸ್ಸು ಬಂತು,' ಎಂದಳು ಲಿಖಿತಾ,
'ಇಳೀತಿದೆ ನೋಡು.'
ನಾನು ನಕ್ಕ ನಗೆಗೆ
ಪಕ್ಕದ ಮನೆಯ ನಾಯಿ ಬೊಗಳಿತು,
ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು,
ಎಂಟನೇ ಮೈಲಿಯವರೆಗೂ
ಸುದ್ದಿ ಮುಟ್ಟಿರಬೇಕು.

ಬೆಳಗಿನ ಐದಕ್ಕೆ, ಹಾಲಿನ ಕ್ರೇಟುಗಳ ಸದ್ದು.
ಟೆಂಟಿನ ಒಳಮೈಯೆಲ್ಲ ನಮ್ಮದೇ ಉಸಿರಿನ ಹನಿ.
ಮುಖದ ಮೇಲೆ ಯಾರದೋ ಪಾದ,
ಸೊಂಟದಡಿ ಏನೋ ಚುಚ್ಚುತ್ತಿದೆ.
ತಡಕಿದರೆ
ಒಂಬತ್ತನೇ ಕೋಲು.
ಸಂಜೆಯೇ ಅಡಗಿಸಿಟ್ಟಿದ್ದಾನೆ, ಹುಲಿಗೆಂದು.
ಮೆಲ್ಲಗೆ ಎಳೆದೆ.
ನಿದ್ದೆಯಲ್ಲೂ
ಬಿಡಲೊಲ್ಲ.