ಎಡಗೈಯ ಸಂದು

ತ್ರಿಯೆಸ್ತೆಯ ಹಳೆ ಬಂದರಿನ ಹಿಂದೆ, ಬಾಗಿಲು ಮುಚ್ಚಲಿದ್ದ ಅಂಗಡಿಯಲ್ಲಿ
ಅರ್ಧ ಬೆಲೆಗೆ ಸಿಕ್ಕಿತು ಈ ಜಲವರ್ಣದ ಪ್ಯಾಡು.
ಇಪ್ಪತ್ತು ಹಾಳೆ, ಮುನ್ನೂರು ಗ್ರಾಮಿನವು, ಅಪ್ಪಟ ಹತ್ತಿ.
ರಟ್ಟಿನ ಮೇಲೆ ಯಾರೋ ಕಾಫಿ ಲೋಟ ಇಟ್ಟ ಗುರುತು.

ತಂಗಿ ಗೊಣಗಿದಳು: ನಿನಗ್ಯಾಕೆ ಓರ್ನೆಲ್ಲಾ ಇದು,
ಮೂವತ್ತೊಂದು ವರ್ಷ ಇವುಗಳ ಜೊತೆ ಏಗಿದ್ದು ಸಾಲದೆ?

ಅಂಚು ತೋರಿಸಿದೆ.
ಸುತ್ತಲೂ ಕಪ್ಪು ಗೋಂದು;
ಒಂದು ಕಡೆ ಮಾತ್ರ, ಹೆಬ್ಬೆರಳಗಲ, ಗೋಂದು ಮುಟ್ಟದ ಸಂದು,
ಚಾಕು ತೂರಿಸಿ ಹಾಳೆ ಬಿಡಿಸಿಕೊಳ್ಳಲಿಕ್ಕೆ.
ಎಲ್ಲರೂ ಬಲಕ್ಕೆ ಬಿಡುತ್ತಾರೆ.
ಇದರದು ಎಡಕ್ಕಿದೆ.

ನಮ್ಮ ಕಾರ್ಖಾನೆಗೆಲ್ಲ ಎಡಚಿ ನಾನೊಬ್ಬಳೇ.
ಮೇಸ್ತ್ರಿ ಜೆಂತಿಲುಚ್ಚಿ ಮೊದಮೊದಲು ಕೂಗಾಡುತ್ತಿದ್ದ:
ಕೊಂಡವನು ಸಂದು ಹುಡುಕುತ್ತಾ ಕೂರಬೇಕೇನು?
ಆಮೇಲೆ ಅವನಿಗೂ ಮಂಡಿ ನೋವು ಶುರುವಾಗಿ
ನನ್ನ ಮೇಜಿನ ತನಕ ಬರುವುದನ್ನೇ ಬಿಟ್ಟ.

ಹಾಳೆ ಗಬಕ್ಕನೆ ನೀರು ಹೀರದಿರಲೆಂದು
ಪಕ್ಕದ ಕೋಣೆಯಲ್ಲಿ ಅದಕ್ಕೆ ಎಲುಬಿನ ಗಂಜಿ ಕುಡಿಸುತ್ತಿದ್ದರು.
ಆ ವಾಸನೆ ನನ್ನ ಮದುವೆಯ ಉಡುಪಿನಲ್ಲೂ ಇತ್ತು.
ಎಷ್ಟು ಲಕ್ಷ ಹಾಳೆಗೆ ಅಂಚು ಕಟ್ಟಿದೆನೋ;
ಒಂದರ ಮೇಲೂ ಒಂದು ಹನಿ ಬಣ್ಣ ಬಿಡಲಿಲ್ಲ.
ಬಿಡಬೇಕು ಅನ್ನಿಸಿರಲೂ ಇಲ್ಲ, ನಿಜ ಹೇಳಬೇಕೆಂದರೆ.

ಇವತ್ತು ತಂಗಿಯ ಅಡುಗೆಮನೆಯಲ್ಲಿ
ಅವಳ ಮೊಮ್ಮಗನ ಬಣ್ಣದ ಡಬ್ಬಿ, ಹಲ್ಲುದುರಿದ ಬ್ರಷ್ಷು,
ಎದುರಿಗೆ ಅವಳು ಸುಲಿಯುತ್ತಿದ್ದ ಆರ್ಟಿಚೋಕು.
ನೀರು ಜಾಸ್ತಿ ಆಯಿತು.
ಹಾಳೆ ಹೊಟ್ಟೆ ಉಬ್ಬಿಸಿತು, ನಡುವೆ ಹಸಿರಿನ ಹೊಂಡ.
ನಾನು ಉಸಿರು ಹಿಡಿದು ನೋಡಿದ್ದು ಚಿತ್ರವನ್ನಲ್ಲ,
ಅಂಚನ್ನು.

ಬಿಡಲಿಲ್ಲ ಗೋಂದು. ನಾಲ್ಕು ಮೂಲೆಯೂ ಹಿಡಿದೇ ಇದ್ದವು.
ಸಂಜೆ ಹೊತ್ತಿಗೆ ಹಾಳೆ ತಾನಾಗಿ ಇಳಿದು
ಬೆಂಕಿಗೆ ಕಾಸಿದ ತಮಟೆಯಷ್ಟು ಬಿಗಿ.
ಬೆರಳಲ್ಲಿ ಬಡಿದರೆ ಸದ್ದು ಬಂತು.

ಮೀನು ಕೊಯ್ಯುವ ಚಾಕು ತೊಳೆದು, ಒರೆಸಿ,
ಎಡಗೈಯಲ್ಲಿ ಹಿಡಿದು ಸಂದಿಗೆ ಇಟ್ಟೆ.
ಸರ್ರೆಂದು ಒಳಗೆ ಹೋಯಿತು, ತನ್ನ ಮನೆಗೆ ಹೋಗುವ ಹಾಗೆ.
ಕಿತ್ತ ಗೋಂದಿನಲ್ಲೊಂದು ಕೆಂಚು ಕೂದಲು:
ಲೋರೆದಾನಾಳದು.
ಟೋಪಿ ಹಾಕೇ ಎಂದರೆ ಹಾಕುತ್ತಿರಲಿಲ್ಲ ಮಾರಾಯ್ತಿ.
ಎಲ್ಲಿದ್ದಾಳೋ ಈಗ.

ಆರ್ಟಿಚೋಕು ಪೈನ್ ಕಾಯಿಯಂತಿದೆ ಅಂದಳು ತಂಗಿ.
ಹೌದು, ಹಾಗೇ ಇತ್ತು.
ಒಣಗಿದ ಕೈಯನ್ನು ಏಪ್ರನ್ನಿಗೆ ಮತ್ತೆ ಒರೆಸುತ್ತಾ
ನಂಗೂ ಒಂದು ಹಾಳೆ ಕೊಡು ಅಂದಳು.
ಪ್ಯಾಡು ಅವಳತ್ತ ತಳ್ಳಿದೆ, ಚಾಕೂ.

ಬಲಗೈ ಉಗುರು ಬಲದಂಚಿನುದ್ದಕ್ಕೂ ಓಡಾಡುತ್ತಿದೆ.
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.
ಹುಡುಕಲಿ ಸ್ವಲ್ಪ ಹೊತ್ತು
ಎಂದು ಸುಮ್ಮನೆ ಬ್ರಷ್ಷು ತೊಳೆಯುತ್ತಿದ್ದೇನೆ.