ಏಳು ಒಂದು, ಒಂದು ಸೊನ್ನೆ

ಇಸಾಫ್ಯೋರ್ದುರ್‌ನಲ್ಲಿ ನವೆಂಬರ್ ಕೊನೆಗೆ ಸೂರ್ಯ
ಬೆಟ್ಟದ ಹಿಂದೆ ಬಿದ್ದರೆ ಮತ್ತೆ ಮುಖ ತೋರುವುದು
ಜನವರಿ ಕೊನೆಗೆ. ಅಲ್ಲಿಯವರೆಗೆ
ಅಡುಗೆಮನೆಯ ಮೇಜಿನ ಮೇಲೆ
ಜೂನ್ ತಿಂಗಳ ಮಧ್ಯಾಹ್ನವೊಂದನ್ನು ಹಚ್ಚಿಟ್ಟಿರುತ್ತೇನೆ.

ಮೂವತ್ತೊಂದು ವರ್ಷ ಗೋಪುರದಲ್ಲಿ ಕೂತು
ಗಾಳಿ ಹೇಳಿದವಳು ನಾನು.
ಇನ್ನೂರ ನಲವತ್ತು, ಹದಿನೆಂಟು ನಾಟ್, ಬೀಸಿದರೆ ಮೂವತ್ತು.
ಹಾರುವವರು ಕೇಳಿಸಿಕೊಂಡರು, ಇಳಿದರು,
ಕಾಫಿ ಕುಡಿದರು, ಹೋದರು.

ಈಗ ನಾನೇ ಇಳಿಯುತ್ತೇನೆಂದು ಹೊರಟರೆ
ಫ್ಯೋರ್ಡಿನ ಕೊನೆಯಲ್ಲಿ, ರೆಕ್ಕೆಯ ತುದಿ
ಬಂಡೆಗೆ ಕಚಗುಳಿಯಿಡುವಷ್ಟು ಹತ್ತಿರ ವಾಲಿ
ತಿರುಗಬೇಕಾದ ಆ ಒಂದೇ ಜಾಗದಲ್ಲಿ
ಚಿತ್ರ ತೊದಲುತ್ತದೆ.
ಬೆಟ್ಟ, ಬೆಟ್ಟ, ಬೆ, ಬೆ,
ಆಮೇಲೆ ಒಮ್ಮೆಲೇ ಕಿಟಕಿಯ ತುಂಬ ಹುಲ್ಲು.
ಹದಿನೇಳು ಸಲ ಸತ್ತಿದ್ದೇನೆ,
ಕಾಫಿ ಆರುವ ಮುಂಚೆ.

ಮೇಲಿನ ಮನೆಯ ಬೊಗುಮಿಲ್, ಪೋಲಂಡಿನವನು,
ಮೀನಿನ ಕಾರ್ಖಾನೆಯ ಶೀತಯಂತ್ರ ನೋಡಿಕೊಳ್ಳುವವನು,
ಬೂಟು ಬಾಗಿಲಲ್ಲಿ ಬಿಟ್ಟು ಬಂದು ಕೂತ.
ಎಂಟು ಪುಟ್ಟ ಗ್ರಾಫು ತೆರೆದು ನಕ್ಕ.
"ಒಬ್ಬ ದುಡಿದು ಏಳು ಮಂದಿ ಕೂತುಣ್ಣುವ ಮನೆ ಇದು.
ಸೊನ್ನೆ ನಂಬರಿನ ಕೋರ್ ಒಂದೇ ಬೆಟ್ಟ ಎತ್ತಬೇಕು,
ಮೋಡ ಹಿಂಜಬೇಕು, ನಿಮ್ಮ ಕೈಯ ಕೋಲಿನ ಮಾತು ಕೇಳಬೇಕು,
ಜತೆಗೆ ವಿಂಡೋಸಿನ ಕಸ ಗುಡಿಸಬೇಕು, ವೈರಸ್ ಕಾಯಬೇಕು.
ನಮ್ಮಲ್ಲಿ ಕಾಡ್ ಮೀನೆಲ್ಲ ಮೊದಲನೇ ಮೇಜಿಗೇ ಸುರಿದರೆ
ಹಲಿನಾ ಚಾಕು ಬಿಸಾಕಿ ಸಿಗರೇಟಿಗೆ ಹೋಗುತ್ತಾಳೆ."

ಬಯೋಸಿನ ನೀಲಿ ಕತ್ತಲಿಗೆ ಇಳಿದೆವು.
ಒಂದೊಂದು ಕೋರಿಗೂ ಎರಡೆರಡು ವೇಷ ಹಾಕಿಸುವ
ಹೈಪರ್‌ಥ್ರೆಡಿಂಗ್ ಆರಿಸಿದ.
ಆಮೇಲೆ ವಿದ್ಯುತ್ ಬಿಲ್ಲಿನ ಬೆನ್ನಿಗೆ, ಬಲದಿಂದ ಎಡಕ್ಕೆ, ಬರೆದ:
೧೧೧೧೧೧೧೦
ಒಂದು ಎಂದರೆ ಬಾ, ಸೊನ್ನೆ ಎಂದರೆ ನೀನಿರು.
ಲೆಕ್ಕ ಹಾಕಿದರೆ ಇನ್ನೂರ ಐವತ್ತನಾಲ್ಕು.
"ಸೊನ್ನೆಯವನು ಮನೆಗೆಲಸಕ್ಕಿರಲಿ.
ಉಳಿದ ಏಳೂ ವಿಮಾನದ್ದು."

ಸೆಕೆಂಡಿಗೆ ಅರವತ್ತು ಚಿತ್ರ ಬೇಕು ಎಂದೆ.
ಮೂವತ್ತಕ್ಕೆ ಕಟ್ಟಿಹಾಕಿ ಎಂದ.
ಹೆಚ್ಚು ಬರುವುದಲ್ಲ, ಹೊತ್ತಿಗೆ ಬರುವುದು.
ಅರವತ್ತೆಂಟರ ಮೊಣಕಾಲು ಮೇಜಿನಡಿ ಒಪ್ಪಿಕೊಂಡಿತು.

ಹಾಲ್‌ಮುಂದುರ್ ಎಂಬ ಕ್ಯಾಪ್ಟನ್ ಇದ್ದ.
ಕಾಫಿಗೆ ಸ-ಸ-ಸಕ್ಕರೆ ಕೇಳಲು ಅರ್ಧ ನಿಮಿಷ,
ಕೊನೆಗೆ ಬೆರಳು ತೋರಿಸುವನು.
ರೇಡಿಯೋದಲ್ಲಿ ಮಾತ್ರ ಎಣ್ಣೆ ಸುರಿದ ಹಾಗೆ ಮಾತು.
ಒಮ್ಮೆ ಕೇಳಿಬಿಟ್ಟೆ, ಕೇಳಬಾರದಿತ್ತೇನೋ.
"ಆ ತಿ-ತಿರುವಿನಲ್ಲಿ," ಎಂದ, "ತೊ-ತೊದಲಲು ಜಾ-"
ಮುಗಿಸಲಿಲ್ಲ.
ಎರಡು ಅಂಗೈ ಹತ್ತಿರ ತಂದು ತೋರಿಸಿದ,
ನಡುವೆ ಒಂದು ಸಕ್ಕರೆಯ ತುಂಡು ಹಿಡಿಯುವಷ್ಟು ಗಾಳಿ.

ಇವತ್ತು ರೇಕ್ಯಾವಿಕ್‌ನಿಂದ ಬರುವ ವಿಮಾನ ರದ್ದು.
ಗಾಜು ನಡುಗುತ್ತಿದೆ, ಚರಂಡಿಯ ಮುಚ್ಚಳ ಬಡಿದುಕೊಳ್ಳುತ್ತಿದೆ.
ಮೇಜಿನ ಮೇಲೆ ಜೂನ್. ವಾಲಿಸಿದೆ.
ಬೆಟ್ಟ ಬೆಟ್ಟವಾಗಿಯೇ ಸರಿಯಿತು.
ಹುಲ್ಲು, ಕುರಿಬೇಲಿ, ತುಕ್ಕಿನ ಸೂರು,
ಒಂದರ ಬೆನ್ನಿಗೊಂದು, ನೂಕುನುಗ್ಗಲಿಲ್ಲದೆ.
ಬೆಟ್ಟದ ಭುಜದ ಹಿಂದೆ ಅವರು ಮರೆಯಾದಾಗೆಲ್ಲ
ಹನ್ನೊಂದು ಸೆಕೆಂಡು ಉಸಿರು ಹಿಡಿಯುತ್ತಿದ್ದೆನಲ್ಲ,
ಆ ಹನ್ನೊಂದರೊಳಗೆ ಇರುವುದು ಇದು:
ಯಾರದೋ ಕುರಿ, ಯಾರೋ ಒಣಗಲು ಹಾಕಿದ ಬಟ್ಟೆ.

ಚಕ್ರ ನೆಲ ಮುಟ್ಟಿತು.
ಗಾಳಿ ಹೇಳುವವರಿರಲಿಲ್ಲ, ನಾನೇ ಹೇಳಿಕೊಂಡೆ.
ಗ್ರಾಫಿನಲ್ಲಿ ಏಳೂ ಏದುಸಿರು ಬಿಡುತ್ತಿದ್ದವು.
ಸೊನ್ನೆಯದು ಮಾತ್ರ ಹಾರದೆ, ಮೂಲೆಯಲ್ಲಿ,
ತನ್ನ ಪಾಡಿಗೆ ಕಸ ಗುಡಿಸುತ್ತಿತ್ತು.
ಅದಕ್ಕೂ ಒಂದು ಕಪ್ ಕಾಫಿ ಕೊಡಬೇಕು ಎಂದೆ.
ತನಗೇ ಹೇಳಿದೆನೆಂದುಕೊಂಡು
ಬೊಗುಮಿಲ್ ಕಪ್ ಚಾಚಿದ.